ವಿಜಯನಗರದ ಪಂಕ್ತಿಯಲ್ಲಿ

ಚಿತ್ರಾನ್ನದ ಡಬರಿ ತಲೆಯ ಮೇಲೆ ಹೊತ್ತು ಬಿರಬಿರನೆ ಬರುತ್ತಿದ್ದ ಮುನಿನಾರಾಯಣಮ್ಮನಿಗೆ ದೂರದಿಂದಲೇ ಆಶ್ಚರ್ಯವಾಯಿತು. ಮೇಷ್ಟ್ರ ದನಿ ನಿಂತುಬಿಟ್ಟಿತ್ತು!

ಯಲಹಂಕದ ಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜಯನಗರದ ಪಾಠ ಹೇಳಿದ ಮುನಿರಾಮಯ್ಯ ಮೇಷ್ಟ್ರು ಹಂಪಿಯನ್ನು ಕಣ್ಣಾರೆ ಕಂಡದ್ದು ಐವತ್ತೇಳನೇ ಇಸವಿಯ ಈ ಪ್ರವಾಸದಲ್ಲೇ. ಬೆಳಗಿನಿಂದ ಮೂವತ್ತು ಮಕ್ಕಳನ್ನು ಕಟ್ಟಿಕೊಂಡು ಓಡಿದ್ದೇ ಓಡಿದ್ದು. "ಮುತ್ತು ರತ್ನ ರಾಶಿ ಹಾಕಿ ಮಾರಿದ ಬೀದಿ ಇದೇ ಕಣ್ರೋ!" ಎಂದು ಬಜಾರಿನಲ್ಲಿ ಅವರು ಕೂಗಿದ್ದು ಒಲೆಯ ಹತ್ತಿರಕ್ಕೂ ಕೇಳಿಸಿತ್ತು. ಮಕ್ಕಳು ಕಲ್ಲಿನ ರಥ ಮುಟ್ಟಿ, ಆನೆ ಲಾಯದಲ್ಲಿ ಕೂಹೂ ಎಂದು ಕೂಗಿ ಕುಣಿದಿದ್ದರು. ಅಡುಗೆಗೆಂದು ಅಮೃತಹಳ್ಳಿಯಿಂದ ಜೊತೆಗೆ ಬಂದ ಮುನಿನಾರಾಯಣಮ್ಮ ಮಾತ್ರ ಇಷ್ಟು ಹೊತ್ತೂ ಕಂಡದ್ದು ಮೂರೇ ಕಲ್ಲು, ಒಲೆಯವು. ಊಟದ ಹೊತ್ತು ಮೀರಿದರೂ ಯಾರೂ ಬಾರದಿದ್ದಾಗ, ಅದೇ ನೆಪ ಸಾಕೆಂದು ಹೊರಟುಬಿಟ್ಟಿದ್ದಳು.

ಒಣಗಿದ ಕಲ್ಲು ಕಾಲುವೆಯ ಎರಡೂ ದಡದಲ್ಲಿ ಸಾಲಾಗಿ ಚಪ್ಪಡಿಗಳು. ಒಂದೊಂದರಲ್ಲೂ ನಡುವೆ ದೊಡ್ಡ ಗುಂಡಿ, ಸುತ್ತ ಪುಟ್ಟ ಗುಂಡಿಗಳು. ಎಂಟನೇ ಕ್ಲಾಸಿನ ಜಹೀರಾ ಬಿಡುತ್ತಿಲ್ಲ. "ಇದೇನು ಸಾರ್? ಹೇಳಿ ಸಾರ್!"

ಮೇಷ್ಟ್ರು ಬೆವರು ಒರೆಸಿಕೊಂಡರು. "ಇದು ನಮ್ಮ ಪುಸ್ತಕದಲ್ಲಿ ಇಲ್ಲಮ್ಮ."

ಡಬರಿ ಇಳಿಸಿದ ಮುನಿನಾರಾಯಣಮ್ಮ ಒಂದು ಕ್ಷಣ ನೋಡಿದಳು.

"ಅಯ್ಯೋ, ತಟ್ಟೆ ಅಲ್ವ್ರಾ ಮೇಷ್ಟ್ರೇ! ಊಟದ ತಟ್ಟೆ!" ಮಂಡಿಯೂರಿ ಕೂತು ಕೈಯಾಡಿಸಿದಳು. "ಇಲ್ಲಿ ಅನ್ನ. ಇದು ಪಲ್ಯಕ್ಕೆ, ಇದು ಕೋಸಂಬ್ರಿಗೆ, ಇದು ಸಾರಿಗೆ, ಈ ಮೂಲೇಲಿ ಉಪ್ಪಿನಕಾಯಿ. ಕಾಲುವೇಲಿ ನೀರು ಹರೀತಿತ್ತು, ಕೂತಲ್ಲೇ ಕೈ ತೊಳಕೊಂಡವ್ರೆ. ನಾನು ಎಷ್ಟು ಮದುವೆಗೆ ಬೇಯಿಸಿಲ್ಲ, ನಂಗೊತ್ತಾಗಲ್ವಾ?" ಎದ್ದು ಸಾಲಿನುದ್ದಕ್ಕೂ ಸರಸರನೆ ನಡೆದಳು. ಬೆರಳು ತಾನಾಗಿ ಎಣಿಸುತ್ತಿತ್ತು. "ಈ ಸಾಲಿಗೇ ಹತ್ತು ಸೇರು ಅಕ್ಕಿ ಬೇಕು. ಅಷ್ಟು ಅನ್ನ ಇಲ್ಲಿ ಬಿಸಿಬಿಸಿಯಾಗಿ ಬಂದೈತೆ!"

ಅದುವರೆಗೆ ಬರೀ ಕಲ್ಲಾಗಿದ್ದ ಜಾಗದಲ್ಲಿ ಒಮ್ಮೆಲೇ ಜನ ತುಂಬಿದಂತಾಯಿತು. ಮೇಷ್ಟ್ರ ಮುಖ ಅರಳಿತು. "ಸರಿಯಾಗಿ ಹೇಳಿದ್ರಿ! ಹಾಕ್ರೋ ಎಲೆ!" ಮಕ್ಕಳು ಹೋ ಎಂದು ಓಡಿ, ತಟ್ಟೆಗಳ ಮೇಲೆ ಮುತ್ತುಗದ ಎಲೆ ಹಾಸಿ ಕೂತುಬಿಟ್ಟರು. ಸೌಟು ಹಿಡಿದು ಹೊರಟ ಮುನಿನಾರಾಯಣಮ್ಮನ ಸೆರಗನ್ನು ಜಹೀರಾ ಎಳೆದಳು. "ನೀವೂ ಕೂತ್ಕೊಳ್ಳಿ ಅಮ್ಮ, ನನ್ನ ಪಕ್ಕ ಖಾಲಿ ಇದೆ."

"ನಾನಾ? ಪಂಕ್ತೀಲಾ? ಬಡಿಸೋರು ಯಾರೇ ಆಮೇಲೆ?"

"ನಾನಿಲ್ವೇ?" ಎಂದು ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಸೌಟು ಕಿತ್ತುಕೊಂಡರು. ಮೊದಲ ಮೂರು ಎಲೆಗೇ ಅರ್ಧ ಅನ್ನ ನೆಲದ ಪಾಲಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಮುನಿನಾರಾಯಣಮ್ಮ ನಾಚುತ್ತ, ನಗುತ್ತ ರಾಜರ ಕಾಲದ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಮೇಷ್ಟ್ರು ಬಡಿಸುತ್ತ ಸಾಲಿನಲ್ಲಿ ಹತ್ತಿರವಾಗುತ್ತಿದ್ದರು. ಅವಳು ಎಲೆಯ ಮೇಲಿಂದ ಕಣ್ಣೆತ್ತಿದಳು, ಎದುರಿಗೆ ಬಂದು ನಿಂತ ಮೇಷ್ಟ್ರ ಪಾದಗಳನ್ನೇ ನೋಡುತ್ತ ಕೂತಳು.

"ಏನಮ್ಮಾ, ಸಾಕಾ?" ಎಂದರು ಮೇಷ್ಟ್ರು.

"ಅದಲ್ಲ ಮೇಷ್ಟ್ರೇ," ಎಂದಳು ಮೆಲ್ಲಗೆ, "ಇಲ್ಲಿ ಕೂತೋರಿಗೆ ಬಡಿಸೋರ ಮುಖ ಕಾಣಲ್ಲ, ಕಾಲು ಮಾತ್ರ ಕಾಣ್ತದೆ."