ಕಚ್ಚಿ ನೋಡಿದ ಅಮೆರಿಕ

ನಂಜುಂಡಯ್ಯನವರು ಪುಸ್ತಕದ ಮೂಲೆಯನ್ನು ಕಚ್ಚಿಯೇಬಿಟ್ಟರು. ಬೇಕೆಂದು ಮಾಡಿದ್ದಲ್ಲ ಪಾಪ. ಕಾಫಿ ಬೀಜ ಒಣಗಿದೆಯೋ ಇಲ್ಲವೋ ಎಂದು ಮೂವತ್ತು ವರ್ಷ ಹಲ್ಲಿನಲ್ಲೇ ಪರೀಕ್ಷೆ ಮಾಡಿದ ಬೆಳೆಗಾರರು. ಕೈಗೆ ಬಂದ ಸರಕು ಬಾಯಿಗೆ ಹೋದದ್ದು ಅವರಿಗೇ ತಡವಾಗಿ ತಿಳಿಯುತ್ತಿತ್ತು.

"ಅಯ್ಯೋ ಮಾರಾಯ್ರೇ, ಅದು ಪುಸ್ತಕ ಕಣ್ರೀ!" ಎಂದು ಪುಸ್ತಕದಂಗಡಿಯ ಬಸವಯ್ಯ ಕೂಗಿದ. "ಹಲ್ಲಿನ ಗುರುತು ಬಿದ್ದೈತೆ. ಇನ್ನು ಇದನ್ನ ನೀವೇ ತಗೋಬೇಕು."

ಮಗಳು ಸುಮನಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಿಜಕ್ಕೂ ಅದು ನಗುವ ಹೊತ್ತಲ್ಲ. ಬಿ.ಎ.ಯಲ್ಲಿ ಅವಳಿಗೆ ಉಳಿದಿದ್ದದ್ದು ಅಮೆರಿಕದ ಇತಿಹಾಸವೊಂದೇ. ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು, ಮೂರನೆಯ ಪರೀಕ್ಷೆಗೆ ಹತ್ತೇ ದಿನ. ಪಾಸಾದರೆ ಜೂನ್‌ನಿಂದ ಬಾಳ್ಳುಪೇಟೆಯ ಶಾಲೆಯಲ್ಲಿ ಟೀಚರ್ ಕೆಲಸ. ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಹೆಡ್‌ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅದಕ್ಕೇ ಅಪ್ಪ ಮಗಳು ಆಲೂರಿಗೆ ಬಂದದ್ದು.

ಕಚ್ಚಿಸಿಕೊಂಡದ್ದು ಆರುನೂರು ಪುಟದ ದಪ್ಪ ಪುಸ್ತಕ. ನಂಜುಂಡಯ್ಯನವರ ಕಣ್ಣಿದ್ದದ್ದು ಅದರ ಪಕ್ಕದ ಅರವತ್ತು ಪುಟದ ಗೈಡಿನ ಮೇಲೆ.

"ಇಷ್ಟು ದಪ್ಪ ಇದ್ರೆ ಬರೀ ಸಿಪ್ಪೆ ಕಣವ್ವ. ಒಳಗೆ ಬೀಜ ಎಷ್ಟೈತೆ ಅಂತ ನೋಡ್ಬೇಕು."

"ಹಂಗಾರೆ ಎರಡರಲ್ಲೂ ಸ್ಯಾಂಪಲ್ ತೆಗೀರಿ. ಅಮೆರಿಕದೋರು ಟೀನ ಯಾಕೆ ಸಮುದ್ರಕ್ಕೆ ಸುರಿದ್ರು? ನೋಡಿ ಹೇಳಿ," ಎಂದ ಬಸವಯ್ಯ.

ಗೈಡಿನಲ್ಲಿ 'ತೆರಿಗೆಯ ಮೇಲಿನ ಕೋಪದಿಂದ' ಎಂದಿತ್ತು. ಎದುರಿಗೆ ಎರಡು ಅಂಕ. ಕೋಪ ಯಾಕೆ ಬಂತೆಂದು ನಂಜುಂಡಯ್ಯನವರು ಹಾಳೆ ಮಗುಚಿದರು. ಅಲ್ಲಿ ಆಗಲೇ ಬೇರೆ ಪ್ರಶ್ನೆ ಶುರುವಾಗಿತ್ತು. ಒಲ್ಲದ ಮನಸ್ಸಿನಿಂದ ದಪ್ಪ ಪುಸ್ತಕ ತೆರೆದರು. ಒಂದು ಪುಟ ಓದಿದರು, ಎರಡು ಓದಿದರು. ಕನ್ನಡಕ ಮೂಗಿನ ತುದಿಗೆ ಜಾರಿತು.

"ಲೇ ಬಸವಯ್ಯ, ಇವ್ರೂ ನಮ್ಮಂಗೇ ಕಣೋ! ಟೀ ಮಾರೋ ಹಕ್ಕು ಒಂದೇ ಕಂಪನೀಗಂತೆ. ತೆರಿಗೆ ಹಾಕೋರು ಸಮುದ್ರದಾಚೆ, ಇವರನ್ನ ಒಂದ್ ಮಾತು ಕೇಳಂಗಿಲ್ಲ! ನಾವೂ ಮೊನ್ನೆಮೊನ್ನೆವರೆಗೂ ಬೆಳೆದ ಕಾಫೀನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಕೊಟ್ಟು, ಅವರು ಹೇಳಿದ ರೇಟಿಗೆ ಕಾಯ್ಕಂಡು ಕೂತಿರ್ಲಿಲ್ವಾ?"

"ನೀವು ಸಮುದ್ರಕ್ಕೇನೂ ಸುರೀಲಿಲ್ಲ ಬಿಡಿ."

"ಆಲೂರಲ್ಲಿ ಸಮುದ್ರ ಎಲ್ಲೈತೋ? ಇದ್ದಿದ್ರೆ ತೋರಿಸ್ತಿದ್ದೆ!" ಎಂದು ಮೇಜು ಗುದ್ದಿದರು. ಪೆನ್ನುಗಳ ಡಬ್ಬಿ ಉರುಳಿಬಿತ್ತು. ಆಮೇಲೆ ಮಗಳ ಕಡೆ ತಿರುಗಿದರು. "ಅಲ್ಲ ಕಣವ್ವ, ಇಷ್ಟು ಚೆನ್ನಾಗಿರೋದನ್ನ ಓದೀನೂ ಎರಡು ಸಲ ಹೆಂಗೆ ಫೇಲಾದೆ?"

"ಇದನ್ನಲ್ಲಪ್ಪ. ನೀವು ತಂದುಕೊಟ್ಟ ಗೈಡ್ ಓದಿ."

ನಂಜುಂಡಯ್ಯನವರಿಗೆ ನಾಚಿಕೆಯಾಯಿತು. ಗೈಡನ್ನು ಬಸವಯ್ಯನ ಕಡೆಗೆ ತಳ್ಳಿ, ದಪ್ಪ ಪುಸ್ತಕಕ್ಕೆ ದುಡ್ಡು ಕೊಟ್ಟರು. ಸುಮನಾಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಆದರೆ ಪುಸ್ತಕ ಮಾತ್ರ ಅವಳ ಕೈಗೆ ಬರಲಿಲ್ಲ.

ಊರಿಗೆ ಮರಳುವ ಕೆ. ಹೊಸಕೋಟೆ ಬಸ್ಸಿನಲ್ಲೂ ನಂಜುಂಡಯ್ಯನವರು ಪುಟದಿಂದ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಕೋಳಿ ಹಿಡಿದು ಕೂತಿದ್ದ ಮುದುಕಿಗೂ ಒಂದಷ್ಟು ಓದಿ ಹೇಳಿದರು. "ಆಮೇಕೇನಾಯ್ತು?" ಎಂದು ಮುದುಕಿ ಕೇಳಿದ್ದೇ ತಪ್ಪಾಯಿತು, ಅವರ ಹುರುಪು ಇಮ್ಮಡಿಯಾಯಿತು. ತಮ್ಮೂರಿನ ಗೇಟ್ ಬಂದು ಬಸ್ಸು ನಿಂತಾಗ ಸುಮನಾ ಅಪ್ಪನನ್ನು ಕೂಗಿ ಇಳಿದಳು. ಹಿಂತಿರುಗಿ ನೋಡಿದರೆ ಅಪ್ಪನೇ ಇಲ್ಲ. ಬಸ್ಸು ಹೊರಟೇಬಿಟ್ಟಿತ್ತು.

"ಅಪ್ಪಾ! ಪರೀಕ್ಷೆ ನಂದು! ಪುಸ್ತಕ ಕೊಡೀ!" ಎಂದು ಚಪ್ಪಲಿ ಕೈಯಲ್ಲಿ ಹಿಡಿದು, ನಗು ತಡೆಯಲಾಗದೆ ಬಸ್ಸಿನ ಹಿಂದೆ ಓಡಿದಳು.

ನಂಜುಂಡಯ್ಯನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಒಸಿ ತಡಿಯವ್ವ! ಅಮೆರಿಕಕ್ಕೆ ಸ್ವಾತಂತ್ರ್ಯ ಸಿಕ್ಕಿದ ತಕ್ಷಣ ಕೊಡ್ತೀನಿ!"