ಹನ್ನೆರಡನೇ ಬಾಟಲಿ

ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವವನು ಹನ್ನೆರಡನೇ ಗೂಡಿನ ಹೈಡ್ರೋಜನ್ ಬೆರೆಸಿದ ನೀರನ್ನು ಗಟಗಟನೆ ಕುಡಿಯುತ್ತಿದ್ದಾಗಲೇ ಡಾಕ್ಟರಮ್ಮ ಒಳಗೆ ಬಂದರು. ಬಿ.ಪಿ. ಏರಿದ ಇಲಿಗಳ ಕಿಡ್ನಿಯನ್ನು ಈ ನೀರು ಉಳಿಸುತ್ತದೆಯೇ ಎಂಬುದು ಅವರ ಪ್ರಯೋಗ. ಅವನಿಗೂ ಬಿ.ಪಿ. ಇತ್ತು. ಆ ಗೂಡಿನ ಇಲಿ ಸತ್ತು ತಿಂಗಳಾದರೂ ತುಟಿಪಿಟಕ್ಕೆನ್ನದೆ ಅದರ ಪಾಲನ್ನು ತಾನೇ ಕುಡಿಯುತ್ತಿದ್ದ.

ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದ. ಉಳಿದ ಹನ್ನೊಂದು ಇಲಿಗಳೂ ಓಡಾಟ ನಿಲ್ಲಿಸಿ ಅವನನ್ನೇ ನೋಡಿದವು.

"ಪ್ರಯೋಗ ಮುಗೀತು. ಇವತ್ತು ಎಲ್ಲರ ಕಿಡ್ನಿ ತೆಗೆದು ನೋಡ್ಬಿಡೋಣ," ಎನ್ನುತ್ತಾ ಡಾಕ್ಟರಮ್ಮ ಮೇಜಿನ ಮೇಲೆ ತಟ್ಟೆ ಜೋಡಿಸತೊಡಗಿದರು.

"ಹನ್ನೊಂದೇ ಇರೋದು, ಮೇಡಂ. ಒಂದು ಆಗಲೇ ಸತ್ತೋಗಿದೆ."

"ಗೊತ್ತಪ್ಪ. ಆದ್ರೂ ನೀರು ದಿನಾ ಖಾಲಿಯಾಗ್ತಿತ್ತಲ್ಲ."

ಹನ್ನೊಂದು ಪುಟ್ಟ ತಟ್ಟೆಗಳ ಪಕ್ಕದಲ್ಲಿ ಅವರು ಒಂದು ದೊಡ್ಡ ತಟ್ಟೆ ಇಟ್ಟರು. ಆಮೇಲೆ ಹೋಗಿ ಬಾಗಿಲ ಚಿಲಕ ಹಾಕಿದರು.