ಅಪಸ್ವರದ ಕಾವಲುಗಾರ

ಸ್ವರ ಸರಿಯಾಗಿ ಹಿಡಿದವರೆಲ್ಲ ನೆಲ ಬಿಟ್ಟು ಏಳುತ್ತಿದ್ದುದರಿಂದ, ಓಣಿಯ ಸಂಗೀತ ಶಾಲೆಯಲ್ಲಿ ಮಕ್ಕಳ ಮತ್ತು ಟೀಚರರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯಲು ಹಾಡೇ ಬಾರದವನೊಬ್ಬ ಇರಬೇಕೆಂಬ ನಿಯಮವಿತ್ತು. ಬಾಗಿಲು ಸದಾ ತೆರೆದಿರಬೇಕೆಂಬುದು ಇನ್ನೊಂದು. ಬಸಲಿಂಗಪ್ಪನ ಎಂಟು ವರ್ಷದ ಕಾವಲಿನಲ್ಲಿ ಒಬ್ಬರೂ ಹಾರಿಹೋಗಿರಲಿಲ್ಲ.

ಇವತ್ತು ಪುಟ್ಟ ಶಾಂಭವಿ ಮೊದಲ ಸಲ ಮೇಲಿನ ಷಡ್ಜ ಹಿಡಿದು ತೊಲೆ ಮುಟ್ಟಿದಳು. ಹಿಗ್ಗಿನಲ್ಲಿ ಬಸಲಿಂಗಪ್ಪನೂ ದನಿಗೂಡಿಸಿದ; ಸ್ವರ ಸರಿಯಾಗಿ ಕೂತು, ಹಗ್ಗಗಳು ಕೈಜಾರಿ, ಅವನೂ ಮೇಲೆದ್ದ. ಹಾಡು ನಿಲ್ಲಿಸಿ ಇಳಿಯುತ್ತಿದ್ದವಳಿಗೆ ನಡುದಾರಿಯಲ್ಲಿ ಎದುರಾದ.

"ಕಾಕಾ, ನಿಮ್ಮ ಕುರ್ಚಿ ಕೆಳಗ ಉಳದೈತ್ರಿ."

ಉಳಿದವರೆಲ್ಲ ಹಾಡುತ್ತ ಬಾಗಿಲ ಕಡೆ ತೇಲತೊಡಗಿದ್ದರು. ಬಾಯಿ ಮುಚ್ಚಬೇಕೆಂದು ಬಸಲಿಂಗಪ್ಪನಿಗೆ ಗೊತ್ತಿತ್ತು, ಬಾಯಿ ಕೇಳಲಿಲ್ಲ. ನೆಲಕ್ಕಿಳಿದ ಶಾಂಭವಿ ಜೋತಾಡುತ್ತಿದ್ದ ಹಗ್ಗದ ತುದಿಗಳನ್ನು ಕಿಟಕಿಯ ಸರಳಿಗೆ, ಅವನೇ ಕಲಿಸಿದ್ದ ಹಾಗೆ, ಎರಡು ಗಂಟು ಹಾಕಿ ಬಿಗಿದಳು. ಆಮೇಲೆ ತನ್ನ ಸೊಂಟದ ಹಗ್ಗ ಬಿಚ್ಚಿ ಕುರ್ಚಿ ಹತ್ತಿ ಅವನ ಕಾಲಿಗೆ ಕಟ್ಟಿ, ಇನ್ನೊಂದು ತುದಿ ತಾನೇ ಹಿಡಿದಳು.

"ಈಗ ಹಾಡ್ರಿ, ಕಾಕಾ."